ಮರಿಗಳಿಗೆ ಹಾಕಿದ ಬಲ್ಬು

ಕೋಳಿಮರಿಗಳನ್ನು ಕಂಡರೆ ಎಲ್ಲರಿಗೂ ಮುದ್ದು ಬರುತ್ತದೆ, ನನಗೆ ಸಿಟ್ಟು ಬರುತ್ತದೆ. ಮರಿಗಳ ತಪ್ಪೇನೂ ಇಲ್ಲ. ಪಾಪ, ಅವು ಕೇಳಿ ಬಂದವಲ್ಲ, ಯಾರದ್ದನ್ನೂ ಕಿತ್ತುಕೊಳ್ಳಲೂ ಇಲ್ಲ. ಆದರೆ ಅವರ್ಸಾದ ನಮ್ಮ ಮನೆಗೆ ಮೊದಲ ಸಲ ಬಂದ ಆ ಹಳದಿ ಮರಿಗಳಿಗೆ ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿದ್ದು, ನನ್ನ ಅವ್ವಿಗೆ ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಸಿಕ್ಕಿರಲಿಲ್ಲ. ಇದನ್ನು ಹೇಳಿದರೆ ನನ್ನ ಚಿಕ್ಕಪ್ಪನ ಗಂಡುಮಕ್ಕಳು ಈಗಲೂ ನಗುತ್ತಾರೆ. ಅಕ್ಕ ಸತ್ತವರ ಮೇಲೆ ಹಗೆ ಸಾಧಿಸುತ್ತಾಳೆ ಅನ್ನುತ್ತಾರೆ. ಸಾಧಿಸುತ್ತೇನೆ, ಏನೀಗ? ಆ ಕೋಣೆಯಲ್ಲಿ ಕೂತವರು ಅವರಲ್ಲವಲ್ಲ.

ನಮ್ಮ ಮನೆ ಹೆದ್ದಾರಿಗೆ ಹತ್ತಿರ. ಜಗಲಿಯಲ್ಲಿ ಕೂತರೆ ಕಾರವಾರದ ಬಸ್ಸು, ಅಂಕೋಲೆಯ ಬಸ್ಸು ಎರಡೂ ಕಾಣುತ್ತಿದ್ದವು. ಬಸ್ಸಿನವರಿಗೆ ನಾವೂ ಕಾಣುತ್ತಿದ್ದೆವು. ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ ಒಂದರ ಬೆನ್ನಿಗೆ ಒಂದು. ಒಂದೊಂದಕ್ಕೂ ಒಂದೊಂದು ಬಲ್ಬು. ಎಣ್ಣೆ ದೀಪದಲ್ಲೇ ಸುಖವಾಗಿದ್ದ ದೇವರಿಗೂ ಒಂದು ಬಲ್ಬು. ಹಿತ್ತಿಲ ಕಡೆಯ ಕೊಟ್ಟಿಗೆಗೂ ಒಂದು, ಯಾಕೆಂದರೆ ಎಮ್ಮೆ ಕತ್ತಲಲ್ಲಿ ಹಾಲು ಕೊಡುವಾಗ ಒದೆಯುತ್ತಿತ್ತು. ಕೊಟ್ಟಿಗೆಯ ಗೋಡೆಗೆ ಒತ್ತಿಕೊಂಡು ಇನ್ನೊಂದು ಸಣ್ಣ ಕೋಣೆಯಿತ್ತು. ತೆಂಗಿನ ಸಿಪ್ಪೆ, ಒಣ ಮಡಲು, ಮುರಿದ ನೇಗಿಲು ಅಲ್ಲಿ ಇರುತ್ತಿದ್ದವು. ತಿಂಗಳಿಗೆ ಮೂರು ದಿನ ಮನೆಯ ಹೆಂಗಸರೂ ಅಲ್ಲಿಯೇ ಇರುತ್ತಿದ್ದರು. ಹೊರಗೆ ಕೂಡುವುದು ಅನ್ನುತ್ತಿದ್ದರು ಅದಕ್ಕೆ. ಆ ಕೋಣೆಗೆ ಮಾತ್ರ ಬಲ್ಬು ಇರಲಿಲ್ಲ.

ಮುಟ್ಟಾದ ಹೆಂಗಸು ಒಳಗೆ ಬರುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ. ಅವಳಿಗೆ ಬೇರೆ ಚಾಪೆ, ಬೇರೆ ಅಲ್ಯುಮಿನಿಯಂ ತಾಟು, ಬೇರೆ ಲೋಟ. ಗಂಜಿಯನ್ನು ಮೇಲಿಂದ ಸುರಿಯುತ್ತಿದ್ದರು, ನಂಜಿಕೊಳ್ಳಲು ಒಣ ಶೆಟ್ಲಿ ಸಿಗಡಿಯ ಚಟ್ನಿಯನ್ನು ತಾಟಿನ ಅಂಚಿಗೆ ಎಸೆಯುತ್ತಿದ್ದರು. ನಾನು ದೊಡ್ಡವಳಾದ ಮೇಲೆ ಅವ್ವಿ, ನಾನು ಪಾಳಿಯ ಮೇಲೆ ಅಲ್ಲಿ ಕೂತೆವು. ಬೇಸಿಗೆಯಲ್ಲಿ ಹೇಗೋ ಆಗುತ್ತಿತ್ತು. ಮಳೆಗಾಲದಲ್ಲಿ ಹೆಂಚಿನ ಸಂದಿನಿಂದ ನೀರು ತೊಟ್ಟಿಕ್ಕಿ ಮಣ್ಣಿನ ನೆಲ ಜಿನುಗುತ್ತಿತ್ತು. ಚಾಪೆಯ ಕೆಳಗೆ ಅಡಿಕೆ ಹಾಳೆ ಹಾಸಿದರೂ ಬೆನ್ನು ಹಸಿಯಾಗುತ್ತಿತ್ತು. ಬೆಳಕಿಗೆಂದು ಒಂದು ಚಿಮಣಿ ಬುಡ್ಡಿ, ಅದೂ ಹೊರಗಿನದೇ. ಅದಕ್ಕೆ ಎಣ್ಣೆ ಹಾಕಲು ಅಜ್ಜಿಗೆ ನೆನಪಾದರೆ ಉಂಟು, ಇಲ್ಲದಿದ್ದರೆ ಕತ್ತಲೆ. ಶತಪದಿಯೊಂದು ಕಾಲ ಮೇಲೆ ಹರಿದ ದಿನ ನಾನು ಚೀರಿಕೊಂಡು ಅಂಗಳಕ್ಕೆ ಓಡಿದ್ದೆ. ಅಜ್ಜಿ ನನ್ನನ್ನು ಸಮಾಧಾನ ಮಾಡುವುದು ಬಿಟ್ಟು ನಾನು ತುಳಸಿಕಟ್ಟೆಗೆ ತಾಗಿದೆನೋ ಇಲ್ಲವೋ ಎಂದು ಮಾತ್ರ ಕೇಳಿದಳು.

ಅಪ್ಪ ಕಾರವಾರದ ಒಂದು ಆಫೀಸಿನಲ್ಲಿ ಜವಾನ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತಿದ್ದ. ಇಸ್ತ್ರಿ ಅಂಗಿ ಹಾಕುತ್ತಿದ್ದ, ಊರಿನ ಮಕ್ಕಳೆಲ್ಲ ಓದಬೇಕು ಎಂದು ಹೇಳುತ್ತಿದ್ದ. ಹಾಗಾಗಿ ನಾನು ಅವನನ್ನೇ ಕೇಳಿದೆ. ಹತ್ತನೇ ಇಯತ್ತೆ, ಸಂಜೆ ಓದಬೇಕು, ಆ ಕೋಣೆಗೊಂದು ಬಲ್ಬು ಹಾಕಿಸು ಅಂದೆ.

"ಮೂರು ದಿನಕ್ಕೆ ಬಲ್ಬ್ ಎಂತಕೆ ಮಗಾ?"

"ತಿಂಗಳು ತಿಂಗಳೂ ಮೂರು ದಿನ ಬತ್ತದೆ ಅಪ್ಪಾ. ಅವ್ವಿಗೆ ಬೇರೆ ಮೂರು ದಿನ."

"ಅಲ್ಲಿತನಕ ವೈರ್ ಬರೂದಿಲ್ಲ. ಗೋಡೆ ಥಂಡಿ ಅದೆ, ಶಾಕ್ ಹೊಡೀತದೆ. ಸುಮ್ನೆ ಇಲ್ಲದ ಉಸಾಬರಿ."

ಕೊಟ್ಟಿಗೆಯ ಬಲ್ಬಿಗೂ ಆ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಎಮ್ಮೆಯ ಬದಿಯಲ್ಲಿ ಶಾಕ್ ಹೊಡೆಯದ ಗೋಡೆ ನಮ್ಮ ಬದಿಯಲ್ಲಿ ಮಾತ್ರ ಹೇಗೆ ಹೊಡೆಯುತ್ತದೆ? ಕೇಳಲು ಬಾಯಿ ತೆರೆದೆ. ಅವ್ವಿ ಹಿಂದಿನಿಂದ ನನ್ನ ಜಡೆ ಎಳೆದಳು. ಅವಳಿಗೆ ಜಗಳ ಬೇಡವಾಗಿತ್ತು. ಅವಳು ಹಿಲ್ಲೂರಿನ ಕಾಡಿನ ಬದಿಯಿಂದ ಬಂದವಳು, ಮಾತು ಕಡಿಮೆ. ಆ ವರ್ಷ ಮಳೆ ಹಿಡಿದಂದಿನಿಂದ ಅವಳಿಗೆ ಸೊಂಟ ಹಿಡಿದುಕೊಂಡಿತ್ತು. ಆ ನೆಲದಲ್ಲಿ ಮಲಗಿ ಎದ್ದ ದಿನ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮನೆಯಲ್ಲಿ ಎಲ್ಲರೂ ಅದನ್ನು ನೋಡುತ್ತಿದ್ದರು, ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ.

ಹೀಗಿರುವಾಗ ಅಪ್ಪನಿಗೆ ಕೋಳಿ ಸಾಕುವ ಹುಚ್ಚು ಹತ್ತಿತು. ಕೋಡಿಬಾಗದಲ್ಲಿ ಅವನಿಗೆ ಪಾಂಡುರಂಗ ಎಂಬ ಗೆಳೆಯನಿದ್ದ. ಕಾಳಿ ನದಿಯ ದಂಡೆಯಲ್ಲಿ ಶೆಡ್ಡು ಕಟ್ಟಿಕೊಂಡು ಫಾರಂ ಕೋಳಿ ಸಾಕಿ ಕಾರವಾರದ ಹೋಟೆಲುಗಳಿಗೆ ಕೊಡುತ್ತಿದ್ದ. ಒಂದು ಭಾನುವಾರ ಇಬ್ಬರೂ ಬಸ್ಸಿನಿಂದಿಳಿದು ಬಂದರು. ಪಾಂಡುರಂಗನ ಕೈಯಲ್ಲಿ ತೂತುಗಳಿದ್ದ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕಿಚಿಪಿಚಿ. ನಾವು ಊರ ಕೋಳಿ ಸಾಕಿದವರೇ. ಆದರೆ ಕಾವು ಕೂತ ತಾಯಿ ರೆಕ್ಕೆಯಡಿಗೆ ಎಳೆದುಕೊಂಡು ಸಾಕುವ ಮರಿಗಳು ಅವು, ನಾವು ಮಾಡಬೇಕಾದದ್ದು ಏನೂ ಇರುತ್ತಿರಲಿಲ್ಲ. ಇವು ಮಷಿನ್ನಿನಲ್ಲಿ ಒಡೆದ ಮರಿಗಳು. ಅಜ್ಜಿ ಬಗ್ಗಿ ನೋಡಿ ಮುಖ ಸಿಂಡರಿಸಿದಳು.

"ತಾಯಿ ಇಲ್ದೇ ಹುಟ್ಟಿದ್ದು ಮನೆ ಒಳಗೆ ಬೇಡ. ದೇವ್ರ ಕೋಣೆ ಅದೆ."

ಆಗ ಅಪ್ಪ ಹೊರಗಿನ ಕೋಣೆಯ ಹೆಸರು ಹೇಳಿದ. ಬಾಗಿಲಿದೆ, ಮುಂಗುಸಿ ಬರುವುದಿಲ್ಲ, ಹೆಗ್ಗಣ ಬರುವುದಿಲ್ಲ ಎಂದ. ಆಮೇಲೆ ನಡೆದದ್ದನ್ನು ನಾನು ಅಂಗಳದಲ್ಲಿ ನಿಂತು ನೋಡಿದೆ. ಅಪ್ಪ ಅಂಗಿ ಬಿಚ್ಚಿ ಏಣಿ ಹತ್ತಿ ಸರಿದ ಹೆಂಚುಗಳನ್ನೆಲ್ಲ ಸರಿ ಕೂಡಿಸಿದ. ಮರಿಗಳ ಮೇಲೆ ಒಂದು ಹನಿಯೂ ಬೀಳಬಾರದಲ್ಲ! ಕಿಟಕಿಗೆ ಗೋಣಿ ಕಟ್ಟಿದ. ಸಿಪ್ಪೆ ಮಡಲುಗಳನ್ನೆಲ್ಲ ಹೊರಗೆ ಹಾಕಿ ನೆಲಕ್ಕೆ ಬೆಚ್ಚಗಿನ ಒಣ ಉಮಿಯನ್ನು ಮಂದವಾಗಿ ಹರಡಿದ, ಉಮಿಯ ಮೇಲೆ ಹಳೆಯ ಪೇಪರು ಹಾಸಿದ. ಕೊನೆಗೆ ಕೊಟ್ಟಿಗೆಯ ಗೋಡೆಗೊಂದು ತೂತು ಕೊರೆದು ಆ ಕಡೆಯಿಂದ ಈ ಕಡೆಗೆ ವೈರು ಎಳೆದ. ಊಟದ ಹೊತ್ತಿನ ಮೇಲೆ ಶುರು ಮಾಡಿದ್ದು, ಚಹಾದ ಹೊತ್ತಿಗೆ ಮುಗಿದಿತ್ತು. ಥಂಡಿ ಎಲ್ಲಿ ಹೋಯಿತೋ, ಶಾಕ್ ಎಲ್ಲಿ ಹೋಯಿತೋ!

ಮರಿಗಳ ಮನೆಯನ್ನು ಪಾಂಡುರಂಗನೇ ಕಟ್ಟಿದ. ತಗಡಿನ ಪಟ್ಟಿಯನ್ನು ಬಾಗಿಸಿ ನೆಲದ ಮೇಲೆ ದುಂಡಗೆ ನಿಲ್ಲಿಸಿದ, ಮೂಲೆಯಿದ್ದರೆ ಮರಿಗಳು ಮೂಲೆಗೆ ನುಗ್ಗಿ ಒಂದರಡಿ ಒಂದು ಸಾಯುತ್ತವೆ ಅಂದ. ನಡುವೆ ದೊಡ್ಡ ಬಿದಿರ ಬುಟ್ಟಿಯೊಂದನ್ನು ಬೋರಲಾಗಿ ತೂಗಹಾಕಿ, ಅದರೊಳಗೆ ನೂರು ವ್ಯಾಟಿನ ಬಲ್ಬು ಇಳಿಬಿಟ್ಟ. ಬುಟ್ಟಿಯ ಹಗ್ಗ ಎಳೆದರೆ ಬಲ್ಬು ಮೇಲೆ, ಬಿಟ್ಟರೆ ಕೆಳಗೆ. ಮಾತು ಕೊಂಕಣಿ ಕಲೆತ ಕನ್ನಡ, ಅವ್ವಿಯನ್ನು ಅತ್ತಿಗೆ ಎನ್ನುವ ಹಾಗೆ ವೈನಿ ಎಂದು ಕರೆಯುತ್ತಿದ್ದ.

"ಹೇ ನೋಡಾ ವೈನಿ, ಮರಿಗೆ ಬಾಯಿ ಇಲ್ಲ ಅಂತ ಇಲ್ಲ. ಬಲ್ಬಿನ ಅಡಿ ಎಲ್ಲ ಒತ್ಕೊಂಡು ಕುಂತ್ರೆ ಚಳಿ ಆಗೇದೆ. ಬಾಯಿ ಬಿಟ್ಕೊಂಡು ತಗಡಿಗೆ ಹೋಗಿ ನಿಂತ್ರೆ ಸೆಕೆ. ಒಂದೇ ಬದಿಗೆ ಹೋದ್ರೆ ಗಾಳಿ ಬಡಿತಾ ಅದೆ. ಎಲ್ಲಾ ಕಡೆ ಹರಡ್ಕೊಂಡು ತಿಂತಾ ಮಲಗ್ತಾ ಇದ್ರೆ ಸಮಾ ಅದೆ. ಬೆಳಕು ಮಾತ್ರ ಆರೂಕೆ ಬಿಡಬೇಡಿ. ಬಿಸಿ ಹೋಯ್ತು ಅಂದ್ರೆ ಮರಿ ಹೋಯ್ತು."

ಅಪ್ಪ ಶಾಲೆಯ ಹುಡುಗನಂತೆ ತಲೆಯಾಡಿಸಿದ. ಅಂದಿನಿಂದ ಸಂಜೆ ಬಸ್ಸಿಳಿದವನು ಕಾಲು ಸಹ ತೊಳೆಯದೆ ನೇರ ಅಲ್ಲಿಗೇ ಹೋಗುತ್ತಿದ್ದ. "ಹ್ಯಾಂಗಿದ್ದವೆ ಮಕ್ಳು?" ಎಂದು ಕೇಳುತ್ತಿದ್ದ. ನಾನು ಜಗಲಿಯಲ್ಲೇ ಕೂತಿರುತ್ತಿದ್ದೆ, ನನ್ನನ್ನಲ್ಲ ಕೇಳಿದ್ದು. ತಗಡಿನೊಳಗೆ ಕೈ ಹಾಕಿ ಅಂಗೈಯನ್ನು ಉಮಿಗೆ ಒತ್ತಿ ಬಿಸಿ ನೋಡುತ್ತಿದ್ದ. ನನಗೆ ಜ್ವರ ಬಂದಾಗ ಆ ಅಂಗೈ ಹಣೆಗೆ ಬಂದದ್ದು ನನಗೆ ನೆನಪಿಲ್ಲ. ಒಂದು ಮರಿ ಸ್ವಲ್ಪ ತೂಕಡಿಸಿದರೂ ಬಲ್ಬು ಕೆಳಗಿಳಿಸು, ಬೆಲ್ಲದ ನೀರು ಕುಡಿಸು ಎಂದು ಮನೆಯವರನ್ನೆಲ್ಲ ಎಬ್ಬಿಸಿ ಕುಣಿಸುತ್ತಿದ್ದ. ಮರಿ ಎಲ್ಲಿ ನಿಂತಿದೆ ಎಂದು ನೋಡಿಯೇ ಅದರ ಚಳಿಯನ್ನು ತಿಳಿದುಕೊಳ್ಳುವ ಮನುಷ್ಯ, ಗೋಡೆ ಹಿಡಿದು ನಿಂತ ಹೆಂಡತಿಯನ್ನು ಕಂಡು ಏನನ್ನೂ ತಿಳಿದುಕೊಳ್ಳಲಿಲ್ಲ. ಇದು ನನಗೆ ಅಂದೂ ಅರ್ಥವಾಗಲಿಲ್ಲ, ಈಗಲೂ ಆಗುವುದಿಲ್ಲ.

ಅವ್ವಿಗೆ ಮಾತ್ರ ಮರಿಗಳ ಮೇಲೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಅವಳ ಲೆಕ್ಕವೇ ಬೇರೆ. ಮರಿ ಬಂದ ರಾತ್ರಿ ನನ್ನ ಕಿವಿಯಲ್ಲಿ ಹೇಳಿದಳು.

"ಯಾರಿಗಾಗೇ ಬರ್ಲಿ, ಬೆಳಕು ಬಂತಲ್ಲೇ. ನೆಲನೂ ಒಣಗ್ತು. ನೀ ಬಾಯಿ ಮಾಡಬೇಡ."

ಮೊದಲು ಹೊರಗೆ ಕೂತದ್ದು ನಾನು. ಬುಟ್ಟಿಯ ಕೆಳಗಿನಿಂದ ಹರಿದ ಬೆಳಕು ಗೋಡೆಯ ಬುಡಕ್ಕೆ ಬರುತ್ತಿತ್ತು. ಅಲ್ಲಿಗೆ ಚಾಪೆ ಎಳೆದು, ಹೊಟ್ಟೆಯ ಮೇಲೆ ಮಲಗಿ, ವಿಜ್ಞಾನದ ಪುಸ್ತಕವನ್ನು ತಗಡಿಗೆ ಒರಗಿಸಿ ಓದಿದೆ. ವಾಸನೆ ಇತ್ತು, ಗದ್ದಲ ಇತ್ತು. ಆದರೂ ಆ ಕೋಣೆಯಲ್ಲಿ ನಾನು ಮೊದಲ ಸಲ ಹೆದರದೆ ಮಲಗಿದೆ, ಬೆನ್ನು ಬೆಚ್ಚಗಿತ್ತು.

ಅಷ್ಟರಲ್ಲಿ ಅಜ್ಜಿ ಹೊಸದೊಂದು ಕಟ್ಟಳೆ ಹುಟ್ಟಿಸಿದಳು. ಕೋಳಿಗೆ ಮೈಲಿಗೆಯಿಲ್ಲ, ಮರಿಗಳ ಜೊತೆ ಕೂತರೆ ಅಡ್ಡಿಯಿಲ್ಲ. ಆದರೆ ಬಲ್ಬು, ಬುಟ್ಟಿ, ಹಗ್ಗ, ಹಗ್ಗದ ಕೆಳಗಿನ ಮರಿ ಯಾವುದನ್ನೂ ಮುಟ್ಟಕೂಡದು. ಯಾಕೆ ಅಂದರೆ, ಬಲ್ಬಿಗೆ ವೈರು ತಾಗಿದೆ, ಆ ವೈರು ಕೊಟ್ಟಿಗೆಗೆ ಹೋಗಿದೆ, ಕೊಟ್ಟಿಗೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ದೇವರ ಕೋಣೆಗೆ.

"ಕರೆಂಟ್ ಕಣ್ಣಿಗೆ ಕಾಣ್ತದೇನೆ? ಆದ್ರೂ ವೈರಿನೊಳಗೆ ಹೋಗ್ತದೆ ಅಲ್ವಾ? ಮೈಲಿಗೆನೂ ಹಾಂಗೇ."

ನಾನು ಬಿದ್ದು ಬಿದ್ದು ನಕ್ಕೆ. ಅಪ್ಪ ನಗಲಿಲ್ಲ. ಆಫೀಸಿಗೆ ಹೋಗುವ, ಪೇಪರು ಓದುವ ಅಪ್ಪ, ಸ್ವಿಚ್ಚನ್ನು ಹೊರಗಿನ ಕೋಣೆಯಲ್ಲಿ ಹಾಕದೆ ಅಜ್ಜಿ ಕೂಡುವ ಅಡುಗೆಮನೆಯ ಬಾಗಿಲ ಬಳಿಯೇ ಹಾಕಿಸಿದ. ತಾಯಿಯ ಮಾತನ್ನು ಮೀರಲಿಲ್ಲ ಎಂಬ ಹೆಸರು ಅವನಿಗೆ ಬಂತು. ಅಜ್ಜಿಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವಳೂ ತನ್ನ ಕಾಲದಲ್ಲಿ ಅದೇ ನೆಲದಲ್ಲಿ ಬೆನ್ನು ಒದ್ದೆ ಮಾಡಿಕೊಂಡವಳು, ಅದು ಸುಳ್ಳಾದರೆ ತಾನು ಪಟ್ಟದ್ದೆಲ್ಲ ದಂಡವಾಯಿತು ಎಂಬ ಹೆದರಿಕೆ ಅವಳಿಗೆ ಇದ್ದೀತು. ಅಪ್ಪನಿಗೆ ಯಾವ ಹೆದರಿಕೆ ಇತ್ತು?

ಆ ದಿನ ಭಾನುವಾರ. ಬೆಳಗಿನಿಂದ ಒಂದೇ ಸಮನೆ ಮಳೆ ಹೊಯ್ಯುತ್ತಿತ್ತು, ಸಮುದ್ರದ ಕಡೆಯಿಂದ ಗಾಳಿ. ಅವ್ವಿ ಹೊರಗೆ ಕೂತಿದ್ದಳು. ಸಂಜೆಯ ಹೊತ್ತಿಗೆ ಅಪ್ಪನ ಆಫೀಸಿನ ಸಾಹೇಬರು ಅಂಕೋಲೆಗೆ ಹೋಗುತ್ತಾ ನಮ್ಮಲ್ಲಿ ಚಹಾ ಕುಡಿದು ಹೋಗುವವರಿದ್ದರು. ಅಪ್ಪ ಕ್ಲಾರ್ಕ್ ಆಗುವ ಆಸೆಯಲ್ಲಿದ್ದ. ಜಗಲಿಯನ್ನು ಮೂರು ಸಲ ಗುಡಿಸಿಸಿದ್ದ, ಕುರ್ಚಿಗಳಿಗೆ ಟವೆಲು ಹಾಸಿದ್ದ. ಮೋಡ ಕವಿದು ಬೇಗ ಕತ್ತಲಾಯಿತು. ಅಪ್ಪ ಜಗಲಿಯ ಸ್ವಿಚ್ಚು ಒತ್ತಿದರೆ ಬಲ್ಬು ಒಮ್ಮೆ ಮಿನುಗಿ ಸುಟ್ಟುಹೋಯಿತು. ಆ ಮಳೆಯಲ್ಲಿ ಅಂಗಡಿಗೆ ಯಾರು ಹೋಗಬೇಕು? ನಡುಮನೆಯ ಬಲ್ಬು ಇತ್ತು, ಅದನ್ನು ತೆಗೆಯಬಹುದಿತ್ತು. ದೇವರ ಕೋಣೆಯದ್ದೂ ಇತ್ತು. ಅಪ್ಪ ಹೆಗಲ ಮೇಲಿನ ಟವೆಲು ಕೈಗೆ ಸುತ್ತಿಕೊಂಡು ಹಿತ್ತಿಲಿಗೆ ನಡೆದ. ಚಹಾದ ತಂಬಿಗೆ ತೊಳೆಯುತ್ತಾ ನಾನು ಬಾವಿಕಟ್ಟೆಯ ಬಳಿ ಇದ್ದೆ, ಅಪ್ಪ ಅವ್ವಿಯ ಮಾತು ಕೇಳಿತು.

"ನೂರರದ್ದು, ಬೆಳಕು ಚೊಲೋ ಬೀಳ್ತದೆ. ಒಂದು ತಾಸು ಅಷ್ಟೇ."

"ಮರಿಗೆ ಚಳಿ ಆಗ್ತದೆ. ಗಾಳಿ ನೋಡಿ ಹ್ಯಾಂಗದೆ."

"ಸಾಹೇಬ್ರು ಕತ್ಲೆಲಿ ಕೂಡೂಕಾಗ್ತದೇನೆ?"

"ಮರಿ ಕೂಡೂಕಾಗ್ತದಾ?"

"ನೀ ಇದ್ದಿಯಲ್ಲ ಇಲ್ಲೇ. ನೋಡ್ಕೊ. ಮುಟ್ಟಬೇಡ ಮತ್ತೆ."

ನೋಡಿಕೋ, ಮುಟ್ಟಬೇಡ! ನಾನು ಮುಂದೆ ಎಷ್ಟೋ ಮನೆಗಳಲ್ಲಿ, ಎಷ್ಟೋ ಹೆಂಗಸರಿಗೆ ಬೇರೆ ಬೇರೆ ರೀತಿಯಲ್ಲಿ ಇದನ್ನೇ ಹೇಳಿದ್ದನ್ನು ಕೇಳಿದ್ದೇನೆ. ಆದರೆ ಇಷ್ಟು ಬಿಚ್ಚಿ ಹೇಳಿದ್ದನ್ನು ಕೇಳಿದ್ದು ಅದೊಂದೇ ಸಲ.

ಸಾಹೇಬರು ಬಂದರು. ಜಗಲಿ ಝಗಝಗ ಎನ್ನುತ್ತಿತ್ತು. ಅಜ್ಜಿ ನನ್ನನ್ನು ಒಲೆಯ ಮುಂದೆ ಕೂಡಿಸಿದಳು. ಒಮ್ಮೆ ಚಹಾ, ಆಮೇಲೆ ಬಿಸಿ ಬಿಸಿ ಗೋಳಿಬಜೆ, ಮತ್ತೊಮ್ಮೆ ಚಹಾ. ಒಂದು ತಾಸು ಅಂದದ್ದು ಎರಡಾಯಿತು. ಸಾಹೇಬರು ಏನೋ ಹೇಳಿದರೆ ಅಪ್ಪ ಅವರಿಗಿಂತ ಮೊದಲೇ ನಗುತ್ತಿದ್ದ. ಹೆಂಚಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಹಿತ್ತಿಲಿನ ಸದ್ದು ಅಡುಗೆಮನೆಗೆ ಕೇಳುವ ಹಾಗಿರಲಿಲ್ಲ. ಅವ್ವಿ ಕರೆದಿದ್ದಳಂತೆ. ಬಾಗಿಲು ಬಡಿದಿದ್ದಳಂತೆ. ಹೊಸ್ತಿಲು ದಾಟಿ ಒಳಗೆ ಬರುವ ಹಾಗಿಲ್ಲ, ಸಾಹೇಬರ ಎದುರು ಜಗಲಿಗೆ ಹೋಗುವ ಹಾಗಂತೂ ಇಲ್ಲವೇ ಇಲ್ಲ.

ಅವರು ಹೋದ ಮೇಲೆ ಅಪ್ಪ ಬಲ್ಬು ಕಳಚಿದ. ನಾನು ಕಂದೀಲು ಹಿಡಿದು ಅವನ ಜೊತೆ ಹೋದೆ, ಅಜ್ಜಿಯೂ ಹಿಂದೆಯೇ ಬಂದಳು. ಬಾಗಿಲು ದೂಡಿದರೆ ಅವ್ವಿ ತಗಡಿನ ಸುತ್ತಿನೊಳಗೆ, ಉಮಿಯ ಮೇಲೆಯೇ ಕಾಲು ಚಾಚಿ ಕೂತಿದ್ದಳು. ತನ್ನ ಕಂಬಳಿಯನ್ನು ಮರಿಗಳ ಸುತ್ತ ಗೂಡಿನ ಹಾಗೆ ಮಾಡಿದ್ದಳು. ಮಡಿಲು ತುಂಬ ಮರಿಗಳು, ಸೆರಗಿನೊಳಗೆ, ಕಂಕುಳ ಸಂದಿಯಲ್ಲಿ, ಕುತ್ತಿಗೆಯ ಬುಡದಲ್ಲೂ ಮರಿಗಳು. ಅವಳ ರವಕೆಯ ತೋಳು ಮರಿಗಳ ಹಿಕ್ಕೆಯಿಂದ ಹೊಲಸಾಗಿತ್ತು. ಬಗ್ಗಿ ಬಗ್ಗಿ ಬಾಯಿಂದ ಬಿಸಿ ಉಸಿರು ಊದುತ್ತಿದ್ದಳು. ಚಳಿಗೆ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ತಗಡಿನ ಬದಿಗೆ ಏಳೆಂಟು ಮರಿಗಳು ಒಂದರ ಮೇಲೊಂದು ಬಿದ್ದು ಚಪ್ಪಟೆಯಾಗಿದ್ದವು. ಅವು ಸತ್ತಿದ್ದವು, ಉಳಿದವು ಅವಳ ಮೈಮೇಲೆ ಬದುಕಿದ್ದವು.

"ಮುಟ್ಟಿದ್ಯೇನೆ?" ಅಜ್ಜಿ ಬಾಗಿಲಲ್ಲೇ ನಿಂತು ಕೇಳಿದಳು.

"ಮುಟ್ದೆ ಅತ್ತೆ. ಕೂಗಿ ಕೂಗಿ ಸಾಕಾಯ್ತು. ಒಂದ್ರ ಮೇಲೊಂದು ಹತ್ತಿ ಸಾಯ್ತಾ ಇದ್ವು."

"ಅದ್ಕೇ ನೋಡು! ಮುಟ್ಟಬೇಡ ಅಂದ್ರೆ ಮುಟ್ಟಿದ್ಲು, ಸತ್ತವು. ಹೇಳಿದ್ದು ಕೇಳಿದ್ರೆ ಆಗ್ತಿತ್ತಾ ಹೀಂಗೆ?"

ಅಪ್ಪ ಅಲ್ಲೇ ನಿಂತಿದ್ದ. ಟವೆಲಿನಲ್ಲಿ ಸುತ್ತಿದ ಬಲ್ಬು ಕೈಯಲ್ಲೇ ಇತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಲ್ಲ ಆಯಿ, ಬಲ್ಬು ನಾನು ತೆಗೆದದ್ದು. ಇಷ್ಟೇ. ಅವನು ಬಲ್ಬನ್ನು ತಿರುಗಿಸಿ ಹಾಕಿ, ಸತ್ತ ಮರಿಗಳನ್ನು ನೋಡಿ ತ್ಚು ತ್ಚು ಅಂದ. ನನಗೆ ತಡೆಯಲಾಗಲಿಲ್ಲ.

"ಬಲ್ಬ್ ತೆಗ್ದದ್ದು ಯಾರು ಅಂತ ಕೇಳು ಅಜ್ಜಿ! ಅಪ್ಪನ್ನೇ ಕೇಳು!"

"ನೀ ಒಳಗೆ ನಡಿ. ದೊಡ್ಡವ್ರ ನಡುವೆ ಬಾಯಿ ಹಾಕ್ತಿ," ಅಂದ ಅಪ್ಪ. ರಟ್ಟೆ ಹಿಡಿದು ಅಂಗಳಕ್ಕೆ ದೂಡಿದ.

ಮರುದಿನ ಅವ್ವಿಗೆ ಜ್ವರ. ನಾಲ್ಕನೇ ದಿನದ ಸ್ನಾನವನ್ನು ಜ್ವರದಲ್ಲೇ ಮಾಡಿಸಿದರು. ಅಷ್ಟರಲ್ಲಿ ಬಾವಿಕಟ್ಟೆಯ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿತ್ತು, ಇವಳು ಮುಟ್ಟಿ ಮರಿ ಸಾಯಿಸಿದಳಂತೆ ಎಂದು. ಮುಂದಿನ ಭಾನುವಾರ ಪಾಂಡುರಂಗ ಬಂದ. ಮರಿ ಕಡಿಮೆಯಾದದ್ದು ಅವನ ಕಣ್ಣಿಗೆ ಕೂಡಲೇ ಬಿತ್ತು. ಜಗಲಿಯಲ್ಲಿ ಅಪ್ಪನನ್ನು ಕೇಳಿದ. ಅವ್ವಿ ಚಹಾ ಹಿಡಿದುಕೊಂಡು ಬಾಗಿಲ ಹಿಂದೆ ಬಂದಿದ್ದಳು, ನಾನು ಅವಳ ಬೆನ್ನಿಗಿದ್ದೆ.

"ಅರೆ ಬಾಬಾ, ಒಂದೇ ಸಲಕ್ಕೆ ಇಷ್ಟು ಹ್ಯಾಂಗೆ ಹೋದವು? ಬಿಸಿ ತಪ್ಪಿತ್ತಾ?"

"ಕರೆಂಟ್ ಹೋಗಿತ್ತು ಮಾರಾಯಾ. ಮಳೆ ಅಲ್ವಾ, ಎಂತಾ ಮಾಡೂದು."

ಅಬ್ಬಾ, ಎಷ್ಟು ಸಲೀಸಾಗಿ ಬಂತು ಆ ಮಾತು! ತಾಯಿಯ ಮುಂದೆ ಹೆಂಡತಿಯ ಮುಟ್ಟು, ಗೆಳೆಯನ ಮುಂದೆ ಹೋದ ಕರೆಂಟು. ತಾನು ಮಾತ್ರ ಎಲ್ಲಿಯೂ ಇಲ್ಲ. ಅವ್ವಿ ಚಹಾವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅಳಲಿಲ್ಲ. ಅಂದಿನಿಂದ ಅಪ್ಪನ ಮುಖ ನೋಡಿ ಮಾತಾಡುವುದನ್ನು ಬಿಟ್ಟಳು. ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು, ಊಟಕ್ಕಾಯಿತು, ನೀರು ಕಾದಿದೆ. ಅಪ್ಪನಿಗೆ ಅದು ಗೊತ್ತಾಯಿತೋ ಇಲ್ಲವೋ.

ಮರಿಗಳ ರೆಕ್ಕೆ ಬಲಿತವು. ಬಿಸಿ ಬೇಡವಾಯಿತು. ಅಪ್ಪ ಅಂಗಳದ ಮೂಲೆಯಲ್ಲಿ ಜಾಳಿಗೆಯ ಗೂಡು ಕಟ್ಟಿ ಅವುಗಳನ್ನು ಅಲ್ಲಿಗೆ ಸಾಗಿಸಿದ. ಒಂದು ಬೆಳಿಗ್ಗೆ ಏಣಿ ಇಟ್ಟು ಹೊರಗಿನ ಕೋಣೆಯ ಬಲ್ಬನ್ನೂ ವೈರನ್ನೂ ಕಳಚಲು ನಿಂತ. ಅವ್ವಿ ಹಿತ್ತಿಲಲ್ಲಿ ಕೂತು ಬಂಗಡೆ ಹಸನು ಮಾಡುತ್ತಿದ್ದಳು.

"ಅದು ಅಲ್ಲೇ ಇರ್ಲಿ ಅಪ್ಪಾ," ಅಂದೆ ನಾನು. "ಎಂತಕೆ ತೆಗೀತಿ?"

"ಮರಿಯೇ ಇಲ್ಲ. ಬೆಳಕು ಯಾರಿಗೆ ಅಲ್ಲಿ?"

ಅವನು ಜಗಳಕ್ಕೆ ಅಂದದ್ದಲ್ಲ. ಅದೇ ನನ್ನ ಹೊಟ್ಟೆ ಉರಿಸುವುದು. ಸಿಟ್ಟಿನಲ್ಲಿ ಅಂದಿದ್ದರೆ ಎಂದೋ ಮರೆಯುತ್ತಿದ್ದೆ. ಬಹಳ ಸಹಜವಾಗಿ, ವೈರನ್ನು ಮೊಣಕೈಗೆ ಸುತ್ತಿಕೊಳ್ಳುತ್ತಾ ಅಂದ. ಹೆಂಡತಿ ಅವನ ಏಣಿಯ ಬುಡದಲ್ಲೇ ಕೂತಿದ್ದಳು. ಅವ್ವಿ ತಲೆ ಎತ್ತಿ ಏಣಿಯ ಮೇಲೆ ನೋಡಿದಳು, ಮತ್ತೆ ಮೀನಿಗೆ ಕತ್ತಿ ಹಾಕಿದಳು.

ಕೆಲವು ದಿನಗಳ ಮೇಲೆ ಅವಳು ಹೊರಗಾದಳು. ಮಧ್ಯಾಹ್ನವೆಲ್ಲ ಹಿತ್ತಿಲಲ್ಲೇ ಕಳೆದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊರಗಿನ ಕೋಣೆಗೆ ಹೋಗಿ ಚಾಪೆ ಸುರುಳಿ ಕಟ್ಟಿಕೊಂಡು, ಅಂಗಳ ಸುತ್ತಿ, ಎಲ್ಲರೂ ನೋಡುತ್ತಿದ್ದ ಹಾಗೆಯೇ ಮುಂದಿನ ಜಗಲಿಗೆ ಬಂದಳು. ಬಲ್ಬಿನ ನೇರ ಕೆಳಗೆ ಚಾಪೆ ಬಿಚ್ಚಿ ಕೂತಳು. ಅಜ್ಜಿ ದೇವರ ಕೋಣೆಯಿಂದ ಓಡಿ ಬಂದವಳು ನಡುಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮುಂದೆ ಬಂದರೆ ಮೈಲಿಗೆ!

"ಎಂತದೇ ಇದು? ತಲೆ ಸಮಾ ಅದೆಯಾ? ಏಳು, ಕೋಣೆಗೆ ನಡಿ."

"ಅಲ್ಲಿ ಕತ್ಲೆ ಅತ್ತೆ. ಕೋಳಿಮರಿನೂ ಇಡೂದಿಲ್ಲ ಯಾರೂ ಅಲ್ಲಿ."

ಕಾರವಾರದ ಬಸ್ಸು ಬಂದು ನಿಂತಿತು. ಅಪ್ಪ ಇಳಿದ. ಅವನ ಜೊತೆ ಇಳಿದವರೂ ನೋಡಿದರು, ಬಸ್ಸಿನ ಕಿಟಕಿಯವರೂ ನೋಡಿದರು. ಹೊರಗೆ ಕೂತವಳು ಯಾರು, ಒಳಗಿನವಳು ಯಾರು ಎಂಬುದು ಬೇರೆ ಚಾಪೆ ನೋಡಿದರೆ ಊರಿನ ಎಲ್ಲರಿಗೂ ತಿಳಿಯುತ್ತಿತ್ತು. ಅಪ್ಪ ದಾಪುಗಾಲು ಹಾಕಿ ಬಂದ.

"ಜನ ನೋಡ್ತ್ರು. ಮರ್ಯಾದೆ ಬೇಡ್ವಾ?"

"ನೋಡ್ಲಿ. ಬೆಳಕು ಇರೂದು ಕಾಣೂಕೇ."

ಅಪ್ಪ ಅವಳನ್ನು ಗದರಿಸಿದ, ಆಮೇಲೆ ಬೇಡಿಕೊಂಡ, ಆಮೇಲೆ ಚೀಲ ಎಸೆದು ಹಿತ್ತಿಲಿಗೆ ಓಡಿದ. ಏಣಿ ಎಳೆದ ಸದ್ದು ಕೇಳಿತು. ಇಸ್ತ್ರಿ ಅಂಗಿಯಲ್ಲೇ ವೈರು ಎಳೆದು, ಅದೇ ನೂರರ ಬಲ್ಬು ಹಾಕಿ, ಬೆವರು ಸುರಿಸುತ್ತಾ ತಿರುಗಿ ಬಂದ.

"ಹಾಕ್ದೆ. ಇನ್ನು ತೆಗ್ಯೂದಿಲ್ಲ. ಸಾಕಾ? ನಡಿ ಈಗ."

ಅವ್ವಿ ಏಳುತ್ತಾಳೆ ಅಂದುಕೊಂಡೆ. ಬೇಕಾದದ್ದು ಸಿಕ್ಕಿತಲ್ಲ. ಅವಳು ಏಳಲಿಲ್ಲ. ಎಷ್ಟೋ ದಿನಗಳ ಮೇಲೆ ಅಪ್ಪನ ಮುಖವನ್ನು ನೇರ ನೋಡಿದಳು.

"ಆ ದಿನ ಕರೆಂಟ್ ಹೋಗಿತ್ತಾ, ನೀವು ಬಲ್ಬ್ ತೆಗ್ದದ್ದಾ? ಅತ್ತೆ ಇಲ್ಲೇ ಇದ್ದಾರೆ. ಅವ್ರ ಎದ್ರು ಹೇಳಿ. ಈಗ್ಲೇ ಎದ್ದು ಹೋಗ್ತೆ."

ಅಜ್ಜಿ ಮಗನ ಮುಖ ನೋಡಿದಳು. ನಾನೂ ನೋಡಿದೆ. ರಸ್ತೆಯಲ್ಲಿ ಒಂದಿಬ್ಬರು ನಿಂತೇ ಇದ್ದರು. ಇಷ್ಟುದ್ದದ ಒಂದು ಮಾತು, ಮಗುವೂ ಹೇಳಬಹುದಾದ ಮಾತು! ಅಪ್ಪ ಹೇಳಲಿಲ್ಲ. ಚೀಲ ಎತ್ತಿಕೊಂಡು ತಲೆ ತಗ್ಗಿಸಿ ಒಳಗೆ ಹೋದ. ಅಜ್ಜಿ ಅಡುಗೆಮನೆಗೆ ಹೋಗಿ ಹೊರಗಿನ ಕೋಣೆಯ ಸ್ವಿಚ್ಚು ಆರಿಸಿದಳು. ಅವ್ವಿಯನ್ನು ಏಳು ಎಂದು ಅವಳು ಮತ್ತೆ ಹೇಳಲಿಲ್ಲ.

ಅವ್ವಿ ಆ ಕೋಣೆಗೆ ಅಂದೂ ಹೋಗಲಿಲ್ಲ, ಆಮೇಲೆ ಎಂದೂ ಹೋಗಲಿಲ್ಲ. ನನ್ನನ್ನೂ ಕಳಿಸಲಿಲ್ಲ. ಅಪ್ಪ ಎಷ್ಟೋ ವರ್ಷ ಬದುಕಿದ, ಆ ಒಂದು ಮಾತನ್ನು ಹೇಳದೆಯೇ ಹೋದ.

ಆ ಸಂಜೆ ನಾನು ಪುಸ್ತಕ ಹಿಡಿದು ನಡುಮನೆಯ ಬಾಗಿಲಲ್ಲಿ ನಿಂತಿದ್ದೆ. ಅವ್ವಿ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು.

"ಬಾ ಮಗಾ. ಕೂತು ಓದು."

ಹೋಗಿ ಅವಳ ಮೈಗೆ ಒತ್ತಿಕೊಂಡು ಕೂತೆ. ಅವಳು ಹೊರಗಾದ ದಿನಗಳಲ್ಲಿ ನಾನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಅಜ್ಜಿ ಒಳಗಿನಿಂದ ಕೂಗಿದಳು, ಸ್ನಾನ ಮಾಡದೆ ಒಳಗೆ ಕಾಲಿಡ್ಬೇಡ ಎಂದು.

"ಬರೂದಿಲ್ಲ ಅಜ್ಜಿ," ಅಂದೆ. "ನನ್ಗೂ ಇಲ್ಲೇ ಬಡಿಸು."

ಅಜ್ಜಿ ಇಬ್ಬರಿಗೂ ತಂದು ಬಡಿಸಿದಳು. ಅಪ್ಪ ಒಳಗೆ ಒಬ್ಬನೇ ಉಂಡ.